ಅಳಿಯನಿಗೆ ಕೊಯ್ದ ಹುಲ್ಲು

ಆ ಮನೆಯಲ್ಲಿ ಟಗರಿಗೆ ಅಳಿಯ ಅಂತಲೇ ಹೆಸರು. ಯಾವ ಟಗರು ಬಂದರೂ ಅಷ್ಟೇ. ಹಳೆಯದು ಮುದಿಯಾಗಿ ಹೋಗಿ, ಎಲ್ಲಿಂದಲೋ ಹೊಸದೊಂದು ವ್ಯಾನಿನಲ್ಲಿ ಬಂದು ಇಳಿಯಿತು ಅಂದರೆ ಅವತ್ತಿನಿಂದ ಅದೂ ಅಳಿಯನೇ. ಮನೆಯ ಹಿಂದೆ ಕಲ್ಲಿನ ಕೊಟ್ಟಿಗೆ, ಅದರ ಮುಂದೆ ಎದೆಯೆತ್ತರದ ಗೋಡೆ ಸುತ್ತಿದ ಪುಟ್ಟ ಅಂಗಳ. ಚಳಿ ಬೀಳುವ ತನಕ ಅಳಿಯನ ವಾಸ ಅಲ್ಲೇ. ಮನೆಯ ಉಳಿದ ಕುರಿಗಳೆಲ್ಲ ಬೆಟ್ಟದ ಮೇಲೆ ಜರಿಗಿಡಗಳ ನಡುವೆ ತಮ್ಮ ಪಾಡಿಗೆ ತಾವು ಮೇಯ್ದುಕೊಂಡಿದ್ದರೆ, ಅಳಿಯನಿಗೆ ಮಾತ್ರ ಕೂತಲ್ಲಿಗೇ ಊಟ. ಕೆಳಗಿನ ಹೊಲದ ಹುಲ್ಲು ಕೊಯ್ದು, ಅಂಚಿನಲ್ಲಿ ಬೆಳೆಯುವ ತುರಿಕೆಗಿಡ ಸೇರದ ಹಾಗೆ ನೋಡಿಕೊಂಡು, ಹೊರೆ ಹೊತ್ತು ತಂದು ಮುಂದೆ ಹಾಕಬೇಕು.

ಹಾಕುವವಳು ಹಿರಿಸೊಸೆ. ಮದುವೆಯಾಗಿ ಬಂದಾಗಿನಿಂದ ಅದು ಅವಳದೇ ಕೆಲಸ. ಬೆಟ್ಟದ ಜನಕ್ಕೆ ಅವಳು ಬಯಲಿನವಳು. ಅವಳ ತವರು ಕೆಳಗೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಚಪ್ಪಟೆ ನೆಲ, ಸೊಂಟದೆತ್ತರದ ಬೇಲಿ, ಎಲ್ಲಿ ನಿಂತರೂ ಎಲ್ಲ ಕಾಣುವ ಊರು. ಹಾಗಾಗಿ ಅವಳಿಗೆ ಕಣ್ಣಿಗೆ ಕಾಣದ್ದು ಇರುತ್ತದೆ ಎಂಬ ಅನುಮಾನವೇ ಕಡಿಮೆ.

ಬಂದ ಹೊಸದರಲ್ಲಿ ಒಮ್ಮೆ ಕೇಳಿದ್ದಳು. "ಇದನ್ನ ಯಾಕೆ ಬೆಟ್ಟಕ್ಕೆ ಬಿಡಲ್ಲ ಅತ್ತೆ?"

ಅತ್ತೆ ಕುರಿಯ ತುಪ್ಪಟ ಬಿಡಿಸುತ್ತ ಕೂತಿದ್ದವರು ತಲೆ ಎತ್ತಲಿಲ್ಲ. "ಅಳಿಯ ಅಲ್ವೇನೆ? ಅಳಿಯನ್ನ ಯಾರಾದ್ರೂ ಬಿಸಿಲಿಗೆ ಅಟ್ಟುತ್ತಾರಾ?"

"ಸೊಸೆ ಆಗಿದ್ರೆ ಬಂದ ದಿನವೇ ಬೆಟ್ಟ ಹತ್ತಿಸ್ತಿದ್ವಿ," ಅಂತ ಓರಗಿತ್ತಿ ಸೇರಿಸಿದಳು. ಮೈದುನನ ಹೆಂಡತಿ ಅವಳು, ಪಕ್ಕದ ಬೆಟ್ಟದಲ್ಲೇ ಹುಟ್ಟಿದವಳು, ನಾಲಿಗೆ ಕುಡುಗೋಲಿಗಿಂತ ಹರಿತ. ಅಡುಗೆಮನೆಯೆಲ್ಲ ನಕ್ಕಿತು. ಹೊಸ ಸೊಸೆಯೂ ನಕ್ಕಳು. ಹೊಸದಾಗಿ ಬಂದವರು ಎಲ್ಲರೂ ನಕ್ಕಾಗ ನಗುತ್ತಾರೆ, ಯಾಕೆ ಅಂತ ಆಮೇಲೆ ಯೋಚಿಸುತ್ತಾರೆ. ಅವಳು ಆಮೇಲೂ ಯೋಚಿಸಲಿಲ್ಲ. ನಗುವೇ ಉತ್ತರದ ಹಾಗೆ ಕಂಡಿತ್ತು. ವರ್ಷ ವರ್ಷ ಹುಲ್ಲು ಕೊಯ್ದಳು.

ಈ ಸಲ ಚಳಿಗಾಲದಲ್ಲಿ ಅವಳ ಅಮ್ಮ ತೀರಿಕೊಂಡಳು. ಗಂಡ ಹೋದ ಮೇಲೆ ಕುರಿ ಸಾಕಿಯೇ ಇಬ್ಬರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಒಂದೇ ತಳಿ, ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು ಅಂತ ಆರಿಸಿ ಆರಿಸಿ ಬೆಳೆಸಿದ ಮಂದೆ. ಕೋಲಿಗೆ ಹಳೆ ಸೀರೆಯ ಚೂರು ಸುತ್ತಿ, ನೀಲಿ ಬಣ್ಣದಲ್ಲಿ ಅದ್ದಿ, ಪ್ರತಿ ಕುರಿಯ ಎಡಸೊಂಟಕ್ಕೆ ಒಂದು ಒತ್ತು ಒತ್ತುತ್ತಿದ್ದಳು. ಅದು ಅವಳ ಗುರುತು. ತಮ್ಮನಿಗೆ ಕುರಿ ಬೇಡ, ಅಂಗಡಿ ಬೇಕು. "ಅಕ್ಕಾ, ಕುರಿ ನೀನೇ ತಗೊಂಡ್ಹೋಗು. ಅಮ್ಮ ಕೊನೆಗೂ ನಿನ್ನ ಹೆಸರೇ ಹೇಳ್ತಿದ್ಲು," ಅಂದ.

ಹಾಗೆ ಮಂದೆ ಬೆಟ್ಟದ ಮನೆಗೆ ಬಂತು. ಲಾರಿಯ ಹಲಗೆಯಿಂದ ಒಂದೊಂದೇ ಇಳಿದು, ಹೊಸ ನೆಲ ಮೂಸಿ, ಅವಳ ಸೀರೆಯ ನೆರಿಗೆಗೆ ಮುಖ ಒತ್ತಿ ನಿಂತವು. ಅವಳಿಗೆ ಮೊದಲ ಸಲ ಈ ಅಂಗಳದಲ್ಲಿ ತನ್ನವರು ಅಂತ ಯಾರೋ ಬಂದ ಹಾಗಾಯಿತು.

ಅವಳ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಇತ್ತು. ಕೆಳಗೆ ಸೇತುವೆಯ ಹತ್ತಿರ ಒಂದು ಮನೆ ಖಾಲಿ ಬಿದ್ದಿತ್ತು. ಎರಡು ಕೋಣೆ, ಹಿಂದೆ ನಲ್ಲಿ, ಬೆಳಗಿನ ಬಿಸಿಲು ನೇರ ಬೀಳುವ ಅಡುಗೆಮನೆಯ ಕಿಟಕಿ, ಪಕ್ಕದಲ್ಲೇ ಹುಲ್ಲಿನ ತುಂಡು. ಬಸ್ಸಿನಲ್ಲಿ ಹೋಗುವಾಗೆಲ್ಲ ಅವಳು ಆ ಕಿಟಕಿಗೆ ಮನಸ್ಸಿನಲ್ಲೇ ಪರದೆ ಕಟ್ಟಿ, ಬಿಚ್ಚಿ, ಬೇರೆ ಬಣ್ಣದ್ದು ಕಟ್ಟುತ್ತಿದ್ದಳು.

"ಇವು ಒಂದು ಸಲ ಮರಿ ಹಾಕಿದ್ರೆ ಸಾಕು ರೀ," ಅಂದಳು ಗಂಡನಿಗೆ. "ಸೇತುವೆ ಹತ್ರದ ಮನೆ ಹಿಡೀಬಹುದು. ಬೇರೆ ಒಲೆ ಹಚ್ಚೋಣ. ಅತ್ತೆ ಜೊತೆಗೆ ಓರಗಿತ್ತಿ ಇದ್ದಾಳಲ್ಲ. ದೂರ ಏನಲ್ಲ, ಕೂಗಿದ್ರೆ ಕೇಳುತ್ತೆ."

"ನೋಡೋಣ," ಅಂದ.

ಅವನು ನೋಡೋಣದ ಮನುಷ್ಯ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅಂದವನಲ್ಲ. ಊರಲ್ಲಿ ಒಳ್ಳೆಯವನು ಅಂತ ಹೆಸರು. ಜೋರು ಮಾತಿಲ್ಲ, ಕೈ ಎತ್ತಿದವನಲ್ಲ, ತಟ್ಟೆಯಲ್ಲಿ ಉಪ್ಪು ಹೆಚ್ಚಾದರೂ ಉಂಡು ಏಳುವವನು. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಅಂತ ಎಲ್ಲರೂ ಅವಳಿಗೆ ಹೇಳುತ್ತಿದ್ದರು. ಅವಳೂ ಹಾಗೇ ನಂಬಿದ್ದಳು.

ಹೊಸ ಹುಲ್ಲು ಎದ್ದ ಕಾಲಕ್ಕೆ ಅವನು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ಮನೆಯ ಕುರಿಗಳಿಗೆಲ್ಲ ಕೆಂಪು ಗುರುತು. "ಒಂದೇ ಮನೆ, ಎರಡು ಬಣ್ಣ ಯಾಕೆ?"

"ಇರ್ಲಿ ಬಿಡ್ರೀ. ಅಮ್ಮನ ಗುರುತು."

ಅವನು ಡಬ್ಬಿಯ ಮುಚ್ಚಳವನ್ನು ಬೆರಳಲ್ಲಿ ಒತ್ತಿ ಮುಚ್ಚಿದ. "ಆಯ್ತು, ಇರ್ಲಿ."

ಮರುದಿನ ಬೆಳಿಗ್ಗೆ ಬೆಟ್ಟದ ಗೇಟು ತೆಗೆದವನು ಅವನೇ. ಒಂದೊಂದು ಕುರಿ ದಾಟುವಾಗಲೂ ಬೆನ್ನಿನ ಮೇಲೆ ಕೈ ಸವರಿದ. "ಒಳ್ಳೇ ಕುರಿ," ಅಂದ. ಅವಳ ಕಡೆ ನೋಡಲಿಲ್ಲ. ಅವನ ಸ್ವಭಾವವೇ ಹಾಗೆ ಅಂದುಕೊಂಡಳು. ಹೊಗಳುವಾಗ ಮುಖ ನೋಡಲು ನಾಚುವ ಗಂಡಸು.

ಎರಡು ವಾರ ಕಳೆದಿರಬಹುದು. ಓರಗಿತ್ತಿ ಅಂಗಳದಿಂದ ಕೂಗಿದಳು. "ಅಕ್ಕಾ, ಬಾ ಇಲ್ಲಿ! ನಿನ್ನ ಕುರಿ ಕುಣೀತಿದೆ ನೋಡು!"

ನಿಜಕ್ಕೂ ಕುಣಿಯುತ್ತಿತ್ತು. ಕಾಲಿಗೆ ಕೆಂಡ ತಗುಲಿದ ಹಾಗೆ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಹಾರಿ, ಇಳಿದು, ಮತ್ತೆ ಹಾರಿ ಗೇಟಿನ ತನಕ ಬಂತು. ಓರಗಿತ್ತಿ ಕೈ ತಟ್ಟಿ ನಗುತ್ತಿದ್ದಳು. ಬಯಲಿನವಳೂ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಕುರಿಯ ಮುಖ ಕಂಡಿತು. ತುಟಿ ಅದುರುತ್ತಿತ್ತು. ಕಿವಿ ಅದುರುತ್ತಿತ್ತು. ಏನೋ ಹೇಳಲು ಹೊರಟು, ಮಾತು ಸಿಗದೆ ತಡವರಿಸುವ ಮುದುಕಿಯ ತುಟಿಯ ಹಾಗೆ. ಸಂಜೆಗೆ ಅದು ಗೋಡೆಗೆ ತಲೆ ಒತ್ತಿ ನಿಂತಿತ್ತು. ಬೆಳಗಾಗುವ ಹೊತ್ತಿಗೆ ಬಿದ್ದಿತ್ತು. ಕುತ್ತಿಗೆ ಹಿಂದಕ್ಕೆ ಸೆಟೆದು, ನಾಲ್ಕೂ ಕಾಲು ಗಾಳಿಯಲ್ಲಿ ಓಡುತ್ತಿದ್ದವು. ಎಲ್ಲಿಗೆ ಓಡುತ್ತಿತ್ತೋ. ಅವಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾಲು ನಿಂತಾಗ ಬಿಸಿಲು ಬಂದಿತ್ತು.

ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೆ ಮೂರು. ನೀಲಿ ಗುರುತಿನವು ಒಂದೊಂದಾಗಿ ಕುಣಿದು, ನಡುಗಿ, ಬಿದ್ದವು. ಕೆಂಪು ಗುರುತಿನವು ಅವುಗಳನ್ನು ಬಳಸಿಕೊಂಡು ಮೇಯ್ದು ಮುಂದೆ ಹೋದವು.

"ಬಯಲಿನ ರೋಗ," ಅಂದರು ಅತ್ತೆ. "ಮೈಯಲ್ಲಿ ತುಂಬ್ಕೊಂಡು ಬಂದಿವೆ. ನಮ್ಮವಕ್ಕೆ ಅಂಟಿಸೋ ಮೊದ್ಲು ಬೇರೆ ಮಾಡು."

"ನಮ್ಮ ಕಡೆ ಇಂಥದ್ದು ಕಂಡೇ ಇಲ್ಲ ಅತ್ತೆ."

"ನಿಮ್ಮ ಕಡೆ ಕಾಣದ್ದು ನಮ್ಮ ಕಡೆಯೂ ಇರ್ಲಿಲ್ಲ. ನೀನು ಬಂದ್ಮೇಲೆ ಕಂಡ್ವಿ."

ಅವಳು ತಪ್ಪೊಪ್ಪಿಕೊಂಡವಳ ಹಾಗೆ ಬದುಕತೊಡಗಿದಳು. ತನ್ನ ಕುರಿ ಮುಟ್ಟಿದ ಸೀರೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆದಳು. ಅಳಿಯನಿಗೆ ಹುಲ್ಲು ಹಾಕುವ ಮುಂಚೆ ಮೊಣಕೈ ತನಕ ಸೋಪು ಹಚ್ಚಿ ತೊಳೆದಳು, ತನ್ನಿಂದ ಅದಕ್ಕೇನಾದರೂ ತಗುಲಿದರೆ ಅಂತ. ಗಂಡ ಗುಂಡಿ ತೋಡಿದ. ಚೆನ್ನಾಗಿ ತೋಡಿದ, ಅಂಚು ಕೆತ್ತಿದ ಹಾಗೆ ನೇರ. ಮಣ್ಣು ಮುಚ್ಚಿ ಅವಳ ಭುಜ ತಟ್ಟಿದ. "ನಮ್ಮ ಕೈಲೇನಿದೆ, ಹೇಳು." ಆ ಕೈಗೆ ಅವಳು ಕೆನ್ನೆ ಒತ್ತಿ ಅತ್ತಳು. ಈಗ ಅದನ್ನು ನೆನೆದರೆ ಅವಳಿಗೆ ಕೆನ್ನೆ ಉಜ್ಜಿ ತೊಳೆಯಬೇಕು ಅನ್ನಿಸುತ್ತದೆ.

ಡಾಕ್ಟರನ್ನು ಕರೆದವಳು ಅವಳೇ. "ಡಾಕ್ಟರು ಯಾಕೆ, ಹೋಗೋವು ಹೋಗ್ತವೆ ಬಿಡು," ಅಂದಿದ್ದ ಗಂಡ. ಕುರಿ ಡಾಕ್ಟರಮ್ಮ ಊರಿಗೆ ಹೊಸಬಳು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಂದಳು. ಕೈಗವಸು ತೊಟ್ಟು ರಕ್ತ ತೆಗೆದಳು. ಆಗಷ್ಟೇ ಸತ್ತ ಒಂದರ ಮುಂದೆ ಮಂಡಿಯೂರಿ, "ಇದರ ತಲೆ ಬೇಕಾಗುತ್ತೆ. ಮಿದುಳು ನೋಡಿದ್ರೇನೇ ಗೊತ್ತಾಗೋದು. ನೀವು ಒಳಗೆ ಹೋಗಿ," ಅಂದಳು. ಅವಳು ಒಳಗೆ ಹೋಗಲಿಲ್ಲ. ಅಮ್ಮನ ಕುರಿಯ ತಲೆ ಐಸು ತುಂಬಿದ ಪೆಟ್ಟಿಗೆಯೊಳಗೆ ಹೋಗುವುದನ್ನು ನಿಂತು ನೋಡಿದಳು. ಕೊನೆಯವರೆಗೆ ನೋಡುವುದಾದರೂ ತನ್ನಿಂದಾಗಲಿ ಅಂತ.

ಮಂದೆಯಲ್ಲಿ ಒಂದು ಉಳಿಯಿತು. ಜ್ವರ ಬಂದು, ನಡುಗಿ, ಬಿದ್ದು, ಎದ್ದಿತು. ಆದರೆ ಕುತ್ತಿಗೆ ಎಡಕ್ಕೆ ವಾಲಿದ್ದು ನೆಟ್ಟಗಾಗಲಿಲ್ಲ. ಯಾವಾಗಲೂ ಯಾರದೋ ಮಾತಿಗೆ ಕಿವಿ ಕೊಟ್ಟ ಹಾಗೆ ನಿಲ್ಲುತ್ತಿತ್ತು.

ಡಾಕ್ಟರಮ್ಮನಿಂದ ಫೋನು ಬಂದಾಗ ಅವಳು ಬೆಳಗಿನ ಮೊದಲ ಬಸ್ಸು ಹಿಡಿದು ಒಬ್ಬಳೇ ಹೋದಳು. ಔಷಧಿಯ ವಾಸನೆಯ ಚಿಕ್ಕ ಕೋಣೆ, ಬೆಂಚಿನ ಮೇಲೆ ಯಾರದೋ ಬೆಕ್ಕಿನ ಬುಟ್ಟಿ.

"ವೈರಸ್ಸು," ಅಂದಳು ಡಾಕ್ಟರಮ್ಮ. "ಮಿದುಳಿಗೆ ಉರಿಯೂತ. ಉಣುಗು ಕಚ್ಚಿ ಬರುತ್ತೆ. ರಕ್ತ ಕುಡಿಯೋ ಹುಳ ಇದೆಯಲ್ಲ, ಜರಿಗಿಡದಲ್ಲಿ ಕೂತಿರುತ್ತೆ. ಅದು ಕಚ್ಚಿದಾಗ ವೈರಸ್ಸು ರಕ್ತಕ್ಕೆ ಇಳಿದು, ಅಲ್ಲಿಂದ ಮಿದುಳಿಗೆ ಹತ್ತುತ್ತೆ."

"ನಾನು ಬಯಲಿಂದ ತಂದಿದ್ದಲ್ವಾ?"

"ಬಯಲಲ್ಲಿ ಈ ರೋಗವೇ ಇಲ್ಲ ಕಣಮ್ಮ. ಇದು ನಿಮ್ಮ ಬೆಟ್ಟದ್ದು. ಎಷ್ಟು ತಲೆಮಾರಿನಿಂದ ಇದೆಯೋ."

"ಮತ್ತೆ ಮನೆ ಕುರಿಗಳಿಗೆ?"

"ಅವು ಇಲ್ಲೇ ಹುಟ್ಟಿದವು. ತಾಯಿಗೆ ಬಂದು ಹೋಗಿರುತ್ತೆ. ಆ ತಾಯಿಯ ಗಿಣ್ಣು ಕುಡಿದ ಮರಿಗೆ ಮೊದಲ ಕೆಲವು ತಿಂಗಳು ಕಾಪು ಇರುತ್ತೆ. ಅಷ್ಟರಲ್ಲಿ ಉಣುಗು ಕಚ್ಚಿದ್ರೂ ಸಾಯಲ್ಲ, ತಡೆಯೋ ಶಕ್ತಿ ಬೆಳೀತದೆ. ನಿಮ್ಮ ಕುರಿಗಳು ಕುಡಿದ ಗಿಣ್ಣಿನಲ್ಲಿ ಅದು ಇರ್ಲಿಲ್ಲ. ಅವುಗಳ ತಾಯಂದಿರು ಈ ರೋಗ ಕಂಡವರೇ ಅಲ್ಲ."

ಅಮ್ಮ ತನಗೆ ಏನೇನು ಕುಡಿಸಿದ್ದಳು ಅಂತ ಅವಳಿಗೆ ನೆನಪಾಯಿತು. ದುಡಿಯುವುದು, ನಂಬುವುದು, ಕೊಟ್ಟ ಮಾತು ಉಳಿಸಿಕೊಳ್ಳುವುದು. ಈ ಮನೆಗೆ ಬೇಕಾದ ಮದ್ದು ಅದರಲ್ಲಿರಲಿಲ್ಲ. ಅಮ್ಮ ಅಂಥ ಮನೆ ಕಂಡವಳೇ ಅಲ್ಲ.

ಡಾಕ್ಟರಮ್ಮ ಪೆನ್ನಿನ ಕ್ಯಾಪು ತಿರುಗಿಸುತ್ತ ಕೇಳಿದಳು. "ನಂಗೊಂದು ಅರ್ಥ ಆಗ್ತಿಲ್ಲ. ಹೊರಗಿನ ಕುರಿನ ಉಣುಗಿನ ಕಾಲದಲ್ಲಿ ಮೇಲೆ ಬಿಡಬಾರದು ಅಂತ ಇಲ್ಲಿನ ಹಳಬರಿಗೆಲ್ಲ ಗೊತ್ತು ಅಂತಾರೆ. ರೋಗದ ಹೆಸರು ಗೊತ್ತಿಲ್ದೆ ಇರ್ಬಹುದು. ಆದ್ರೆ ಅಂಥವನ್ನ ಮನೆ ಹತ್ರ ಕೂಡಿ, ಹುಲ್ಲು ಕೊಯ್ದು ಹಾಕ್ತಾರಂತೆ. ನಿಮ್ಮ ಮನೇಲಿ ಟಗರನ್ನ ಏನ್ಮಾಡ್ತೀರಿ?"

ಅವಳು ತನ್ನ ಅಂಗೈ ನೋಡಿಕೊಂಡಳು. ಕುಡುಗೋಲಿನ ಹಿಡಿ ಉಜ್ಜಿ ಉಜ್ಜಿ ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಚರ್ಮ. ವರ್ಷಗಳಿಂದ ಉತ್ತರ ಅಲ್ಲೇ ಇತ್ತು.

"ಅಳಿಯನ ಹಾಗೆ ನೋಡ್ಕೋತೀವಿ," ಅಂದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಬಂದಳು. ಸೇತುವೆಯ ಮನೆ ಹಿಂದಕ್ಕೆ ಸರಿದಾಗ ಪರದೆ ಕಟ್ಟಲಿಲ್ಲ. ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಅವನಿಗೆ ಮರೆತುಹೋಗಿರಬಹುದೆ? ಗಂಡಸರು ಮರೆಯುತ್ತಾರೆ. ಟಗರಿನ ವಿಷಯ ಬೇರೆ, ಹೆಣ್ಣು ಕುರಿಯ ವಿಷಯ ಬೇರೆ ಅಂದುಕೊಂಡಿರಬಹುದು. ಹೊಳೆದೇ ಇಲ್ಲದಿರಬಹುದು. ಅವನ ಪರವಾಗಿ ಒಂದೊಂದೇ ಮಾತು ಜೋಡಿಸುತ್ತ ಹೋದಳು, ವಕೀಲೆಯ ಹಾಗೆ. ಆದರೆ ಕೇಳಿದರೆ ಅವನು ಏನು ಹೇಳುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಹೊಳೀಲಿಲ್ಲ ಕಣೆ ಅಂತಾನೆ. ಅವಳು ನಂಬುತ್ತಾಳೆ. ನಂಬಿ, ನಾಳೆ ಬೆಳಿಗ್ಗೆ ಎದ್ದು ಹುಲ್ಲು ಕೊಯ್ಯುತ್ತಾಳೆ.

ಆದ್ದರಿಂದ ಅವಳು ಕೇಳಲಿಲ್ಲ.

ಮನೆ ಸೇರಿದವಳು ನೇರ ಹಿತ್ತಲಿಗೆ ಹೋದಳು. ಅಳಿಯ ಅವಳ ಹೆಜ್ಜೆ ಗುರುತು ಹಿಡಿದು ಗೋಡೆಯ ಹತ್ತಿರ ಬಂದು ಮೂಗು ಚಾಚಿತು. ಒಂದು ಕ್ಷಣ, ಒಂದೇ ಕ್ಷಣ, ಅವಳ ಕಣ್ಣು ಬೆಟ್ಟದ ಗೇಟಿನ ಕಡೆ ಹೋಯಿತು. ನಿಜವಾಗಿಯೂ ಬಿಟ್ಟರೆ? ಅದರ ತುಟಿ ಅವಳ ಅಂಗೈಯಲ್ಲಿ ಹುಲ್ಲು ಹುಡುಕುತ್ತಿತ್ತು. ಆ ತುಟಿ ಅದುರುವುದು ಕಣ್ಣಿಗೆ ಕಟ್ಟಿತು. ಆಗಲಿಲ್ಲ. ಕೊರಳಿಗೆ ಹಗ್ಗ ಹಾಕಿ, ಆಚೆಯ ಒಣಹುಲ್ಲಿನ ಮನೆಯೊಳಗೆ ಕಟ್ಟಿ, ಮುಂದೆ ಒಂದು ಹಿಡಿ ಹಾಕಿ, ಬಾಗಿಲು ಎಳೆದುಕೊಂಡಳು. ಕೊಟ್ಟಿಗೆಯ ಅಗಳಿ ತೆಗೆದು ಅಂಗಳದ ಬಾಗಿಲು ಹಾರು ಹೊಡೆದಳು. ಕೈ ತೊಳೆದು ಅಡುಗೆಮನೆಗೆ ಬಂದು ಎಲ್ಲರಿಗೂ ಮಧ್ಯಾಹ್ನದ ಊಟ ಬಡಿಸಿದಳು.

"ಏನಂದ್ಲು ನಿನ್ನ ಡಾಕ್ಟರಮ್ಮ?" ಅತ್ತೆ ಕೇಳಿದರು.

"ಇನ್ನೂ ಗೊತ್ತಾಗ್ಲಿಲ್ವಂತೆ."

"ಗೊತ್ತಾಗೋಕೇನಿದೆ. ಬಯಲಿನ ರೋಗ."

ಗಂಡ ತುತ್ತು ಕಲಸುತ್ತಿದ್ದ. ಅವಳು ನೀರಿನ ಲೋಟ ಅವನ ಮುಂದಿಟ್ಟು, ದಿನನಿತ್ಯದ ಮಾತು ಹೇಳುವ ಹಾಗೆ ಹೇಳಿದಳು. "ಅಳಿಯನ್ನ ಬೆಟ್ಟಕ್ಕೆ ಬಿಟ್ಟೆ ಇವತ್ತು. ಪಾಪ, ಎಷ್ಟು ದಿನ ಅಂತ ಕೂಡಿಹಾಕೋದು. ಜರಿಗಿಡದ ಕಡೆ ಹೋಯ್ತು, ಖುಷಿಯಾಗಿ."

ತುತ್ತು ತಟ್ಟೆಗೆ ಬಿತ್ತು. ಅವನು ಎದ್ದ ರಭಸಕ್ಕೆ ಲೋಟ ಉರುಳಿ ನೀರು ಅತ್ತೆಯ ಮಡಿಲಿಗೆ ಹರಿಯಿತು. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಎಂಜಲು ಕೈಯಲ್ಲೇ ಓಡಿದ.

"ಅಯ್ಯೋ ಹಾಳಾದವಳೇ!" ಅತ್ತೆ ಕೂಗಿದರು. "ಹೊರಗಿನ ಪ್ರಾಣಿ ಅದು! ಉಣುಗಿನ ಕಾಲದಲ್ಲಿ ಮೇಲೆ ಬಿಟ್ರೆ ಉಳಿಯುತ್ತಾ?"

ಮಾತು ಬಾಯಿ ದಾಟಿದ ಮೇಲೆ ಅವರಿಗೆ ಅದು ಕೇಳಿಸಿತು. ಒದ್ದೆ ಸೆರಗನ್ನು ಹಿಂಡುವ ನೆಪದಲ್ಲಿ ತಲೆ ತಗ್ಗಿಸಿದರು. ಓರಗಿತ್ತಿ ಮಾತ್ರ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದಳು. ಅವಳ ನಾಲಿಗೆ ಅವತ್ತು ಮೊದಲ ಸಲ ತಡವರಿಸಿತು.

"ಅಕ್ಕಾ... ಭಾವ ನಿಂಗೆ ಹೇಳಿರ್ಲಿಲ್ವಾ? ನಾನು... ಹೇಳಿದ್ರೂ ನೀನು ಹಟ ಮಾಡಿ ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ಅತ್ತೆನೂ ಹಾಗೇ ಅಂದ್ರು. ಅವಳ ಕುರಿ, ಅವಳಿಷ್ಟ ಅಂತ."

"ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ," ಅಂದರು ಅತ್ತೆ ಸೆರಗಿನೊಳಗೆ. ಉಪ್ಪಿನ ಡಬ್ಬಿ ಯಾವ ಗೂಡಲ್ಲಿರಬೇಕು ಅನ್ನುವುದಕ್ಕೂ ಬಾಯಿ ಹಾಕುವವರು.

ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವನು ಖಾಲಿ ಕೊಟ್ಟಿಗೆಯೊಳಗೆ ಇಣುಕಿ, ತಿರುಗಿ, ಬೆಟ್ಟ ಹತ್ತಿ ಓಡುತ್ತಿದ್ದ. ಒಂದು ಕಾಲು ಬರಿಗಾಲು. ಬಿದ್ದ, ಎದ್ದ, ಮತ್ತೆ ಓಡಿದ. ಅವನಿಗೆ ಓಡಲು ಬರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮ ಸತ್ತ ಸುದ್ದಿ ಬಂದ ದಿನ ಬಸ್ಸು ಹೊರಡುತ್ತಿದ್ದರೂ ನಡೆದೇ ಬಂದಿದ್ದ. ನೀಲಿ ಕುರಿಗಳು ಬೀಳುತ್ತಿದ್ದಾಗ ಸಲಿಕೆ ಹೆಗಲಿಗಿಟ್ಟು ನಿಧಾನವಾಗಿ ಹೋಗಿದ್ದ. ಮರೆತವನು ಹೀಗೆ ಓಡುವುದಿಲ್ಲ. ಹೊಳೆಯದವನಿಗೆ ಇಷ್ಟು ಬೇಗ ಹೊಳೆಯುವುದಿಲ್ಲ. ಅವಳು ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಅವನ ಹಿಂದೆಯೇ ಓಡಿಹೋದವು.

ಅವನು ಬಂದಾಗ ಅನ್ನ ಆರಿ ಗಟ್ಟಿಯಾಗಿತ್ತು. ಮೊಣಕಾಲು ತರಚಿತ್ತು, ಏದುಸಿರು. "ಸಿಗ್ಲಿಲ್ಲ... ಎಲ್ಲೂ ಇಲ್ಲ..."

"ಒಣಹುಲ್ಲಿನ ಮನೇಲಿದೆ. ಆಗ್ಲಿಂದ ಅಲ್ಲೇ ಕಟ್ಟಿದೆ."

ಅವನ ಮುಖ ಸಡಿಲವಾಯಿತು. ಮೊದಲು ಟಗರು ಉಳಿಯಿತು ಅನ್ನುವ ಸಮಾಧಾನ. ಆಮೇಲೆ, ಅಷ್ಟು ಹೊತ್ತಾದ ಮೇಲೆ, ಅವಳು ಯಾಕೆ ಹಾಗೆಂದಳು ಅನ್ನುವುದು ತಲೆಗೆ ಹೋಯಿತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅವಳು ನೋಡಿ ಇಟ್ಟುಕೊಂಡಳು.

"ಹೇಳ್ಬೇಕು ಅಂತಾನೇ ಇದ್ದೆ ಕಣೆ," ಅಂದ.

"ಯಾವಾಗ? ಯಾವ ಗುಂಡಿ ಮುಚ್ಚಿದ ಮೇಲೆ?"

ಅವನು ನೆಲ ನೋಡಿದ. "ನೀನು ಹೋಗ್ಬಿಡ್ತೀಯ ಅಂತ..."

"ಎಲ್ಲಿಗೆ ರೀ? ಸೇತುವೆ ಹತ್ರಕ್ಕೆ. ಅದೂ ನಿಮ್ಮ ಜೊತೆ." ಅವಳ ದನಿ ಏರಲಿಲ್ಲ. "ಬೇಡ ಅಂದಿದ್ರೆ ಸಾಕಿತ್ತು. ಎರಡಕ್ಷರ. ಅಳ್ತಿದ್ದೆ, ಎರಡು ದಿನ ಮಾತು ಬಿಡ್ತಿದ್ದೆ, ಆಮೇಲೆ ಸುಮ್ಮನಾಗ್ತಿದ್ದೆ. ನೀವು ಬಾಯಲ್ಲಿ ಹೇಳೋಕಾಗದ್ದನ್ನ ಬೆಟ್ಟದ ಕೈಲಿ ಹೇಳಿಸಿದ್ರಿ."

ಅವಳು ಬಾಗಿಲ ಹಿಂದಿನ ಮೊಳೆಯಿಂದ ಕುಡುಗೋಲು ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು, ಚಮಚ ಇಡುವಷ್ಟೇ ಮೆಲ್ಲಗೆ. "ಇನ್ಮೇಲೆ ಅಳಿಯನ ಹುಲ್ಲು ನಿಮ್ದು."

ಸಂಜೆ ಅವಳು ಅಂಗಳದ ಮೂಲೆಯಲ್ಲಿ ಕತ್ತು ವಾಲಿದ ಕುರಿಯ ಪಕ್ಕ ಕೂತು ಅದರ ಕಿವಿಯ ಹಿಂದೆ ತುಪ್ಪಟ ಬಿಡಿಸಿ ಬಿಡಿಸಿ ಉಣುಗು ಹುಡುಕುತ್ತಿದ್ದಳು. ಇದಕ್ಕಿನ್ನು ಈ ರೋಗ ಬರುವುದಿಲ್ಲ ಅಂದಿದ್ದಳು ಡಾಕ್ಟರಮ್ಮ. ಇದರ ಗಿಣ್ಣು ಕುಡಿದ ಮರಿಗೂ ಕಾಪು. ಈ ಬೆಟ್ಟದಲ್ಲಿ ಬದುಕಲು ಏನು ಬೇಕೋ ಅದು ಇದಕ್ಕೆ ಬಂದಿತ್ತು. ಕತ್ತು ಮಾತ್ರ ನೆಟ್ಟಗಾಗುವುದಿಲ್ಲ.

ಹಿತ್ತಲಲ್ಲಿ ಅಳಿಯ ಕೂಗತೊಡಗಿತು. ಹುಲ್ಲಿನ ಹೊತ್ತು. ಅದರ ಕೂಗು ಅವಳಿಗೇ ಅಂತ ಅವಳಿಗೆ ಗೊತ್ತು, ಅದರ ತಪ್ಪೇನಿಲ್ಲ ಅಂತಲೂ ಗೊತ್ತು. ಏಳಲಿಲ್ಲ. ಬಹಳ ಹೊತ್ತು ಕೂಗಿದ ಮೇಲೆ ಕುಡುಗೋಲು ಮಸೆಯುವ ಸದ್ದು ಬಂತು. ಗಂಡ ಗೋಣಿತಾಟು ಹೆಗಲಿಗೆ ಹಾಕಿಕೊಂಡು ಕೆಳಗಿನ ಹೊಲಕ್ಕೆ ಇಳಿದ. ಯಾವತ್ತೂ ಕೊಯ್ದವನಲ್ಲ. ನಡುವಿನ ಒಳ್ಳೆ ಹುಲ್ಲು ಬಿಟ್ಟು, ಎತ್ತರ ಕಂಡಿತು ಅಂತ ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಅಲ್ಲಿ ಹುಲ್ಲಿನ ಬುಡದಲ್ಲೆಲ್ಲ ತುರಿಕೆಗಿಡ. ಬರಿಗೈ ಹಾಕಿದರೆ ಮುಗಿಯಿತು, ರಾತ್ರಿಯೆಲ್ಲ ಉರಿ.

ಅವಳ ಬಾಯಿ ತಾನಾಗಿ ತೆರೆಯಿತು. ಕೂಗಿದರೆ ಕೇಳುವಷ್ಟೇ ದೂರ. ಅವನು ಎಡಗೈಯಿಂದ ಒಂದು ಹಿಡಿ ಹುಲ್ಲನ್ನು ಬುಡಕ್ಕೆ ಒತ್ತಿ ಹಿಡಿಯುವುದು ಕಂಡಿತು.

ಅವಳು ಬಾಯಿ ಮುಚ್ಚಿದಳು. ಆ ಮನೆಯ ಗಿಣ್ಣು ಅವಳಿಗೂ ಹತ್ತಿತ್ತು. ಕುರಿಯ ಕಿವಿಯ ಹಿಂದೆ ರಕ್ತ ಕುಡಿದು ಬೀಗಿದ ಉಣುಗೊಂದು ಬೆರಳಿಗೆ ಸಿಕ್ಕಿತು. ಉಗುರಲ್ಲಿ ಹಿಡಿದು ಎಳೆದಳು.